ಕಿರೀಟದಿಂದ ಕ್ಯಾಮೆರಾದತ್ತ: ಅಮೆರಿಕದ ಸುಂದರಿಯರ ಪ್ರಸಾರ ವೃತ್ತಿ

ಅಮೆರಿಕದಲ್ಲಿ ಸೌಂದರ್ಯ ಸ್ಪರ್ಧೆ ಗೆದ್ದವರು ಟಿವಿಗೆ ಬರುವ ರೂಢಿ ಹೆಚ್ಚುಕಡಿಮೆ ಟಿವಿಯಷ್ಟೇ ಹಳೆಯದು. ಬೇಸಿಗೆ ಮುಗಿದ ಮೇಲೂ ಪ್ರವಾಸಿಗರು ಉಳಿಯಲೆಂದು ಅಟ್ಲಾಂಟಿಕ್ ಸಿಟಿಯ ವ್ಯಾಪಾರಿಗಳು 1921ರಲ್ಲಿ ಶುರುಮಾಡಿದ ಮಿಸ್ ಅಮೆರಿಕ ಮೊದಮೊದಲು ಕಡಲತೀರದ ಮೆರವಣಿಗೆಯಾಗಿತ್ತು. 1930ರ ದಶಕದ ಕೊನೆಗೆ ಪ್ರತಿಭಾ ಸುತ್ತು ಕಡ್ಡಾಯವಾದ ಮೇಲೆ ವೇದಿಕೆಯಲ್ಲಿ ಅಳುಕದೆ ಹಾಡಿ, ನುಡಿಸಿ, ಮಾತಾಡಬಲ್ಲವರು ಬರತೊಡಗಿದರು. ಪ್ರಸಾರದವರಿಗೆ ಬೇಕಾದದ್ದೂ ಅಂಥವರೇ.

1945ರಲ್ಲಿ ಗೆದ್ದ ಬೆಸ್ ಮೈಯರ್ಸನ್ ಈ ದಾರಿಯ ಮೊದಲಿಗರಲ್ಲಿ ಒಬ್ಬರು. ಬ್ರಾಂಕ್ಸ್‌ನ ಯಹೂದಿ ಕುಟುಂಬದ ಪಿಯಾನೊ ವಾದಕಿ. ಯಹೂದಿ ಎಂದು ಗೊತ್ತಾಗದಂಥ ಹೆಸರಿಟ್ಟುಕೊಳ್ಳಬೇಕೆಂದು ಸಂಘಟಕರು ಸೂಚಿಸಿದರೂ ಅವರು ಒಪ್ಪಲಿಲ್ಲ. ಗೆದ್ದ ಮೇಲೆ ಪ್ರಾಯೋಜಕರು ದೂರ ಸರಿದರು, ಕೈಹಿಡಿದದ್ದು ಟಿವಿ. ‘ದಿ ಬಿಗ್ ಪೇಆಫ್’ನಲ್ಲಿ ಬಹುಮಾನದ ಮಿಂಕ್ ಕೋಟು ತೊಟ್ಟು ತೋರಿಸುವುದರಿಂದ ಆರಂಭವಾದ ಕೆಲಸ, ‘ಐ ಹ್ಯಾವ್ ಗಾಟ್ ಎ ಸೀಕ್ರೆಟ್’ ಎಂಬ ಜನಪ್ರಿಯ ಕಾರ್ಯಕ್ರಮದ ಕಾಯಂ ಕುರ್ಚಿಯವರೆಗೆ ಬೆಳೆಯಿತು.

1954ರಲ್ಲಿ ಎಬಿಸಿ ಚಾನೆಲ್ ಸ್ಪರ್ಧೆಯನ್ನೇ ನೇರ ಪ್ರಸಾರ ಮಾಡಿತು. ಅಂದು ಗೆದ್ದ ಲೀ ಮೆರಿವೆದರ್ ಮರುವರ್ಷವೇ ಎನ್‌ಬಿಸಿಯ ಬೆಳಗಿನ ಕಾರ್ಯಕ್ರಮ ‘ಟುಡೇ’ಗೆ ಬಂದರು. ಹವಾಮಾನ, ಫ್ಯಾಷನ್, ಹಗುರ ಹರಟೆ ಹೆಣ್ಣಿನ ಪಾಲು, ಸುದ್ದಿ ಗಂಡಸಿನದು. ಈ ಹಂಚಿಕೆ ಇಪ್ಪತ್ತು ವರ್ಷ ಹೆಚ್ಚು ಕದಲಲಿಲ್ಲ.

ಅದನ್ನು ಕದಲಿಸಿದವರಲ್ಲಿ 1971ರ ಮಿಸ್ ಅಮೆರಿಕ ಫಿಲಿಸ್ ಜಾರ್ಜ್ ಮುಖ್ಯರು. 1975ರಲ್ಲಿ ಸಿಬಿಎಸ್‌ನ ‘ದಿ ಎನ್‌ಎಫ್‌ಎಲ್ ಟುಡೇ’ಯಲ್ಲಿ ಕೂತು, ಫುಟ್‌ಬಾಲ್ ಆಟಗಾರರನ್ನು ಅಂಕಗಳ ಬದಲು ಅವರ ಬದುಕಿನ ಬಗ್ಗೆ ಕೇಳಿದರು. ಆಟದ ಗಂಧವಿಲ್ಲದವರೂ ನೋಡುವಂತಾಯಿತು. ಅದೇ ಸಲಿಗೆ ಸುದ್ದಿಗೆ ಹೊಂದಲಿಲ್ಲ. 1985ರಲ್ಲಿ ಸಿಬಿಎಸ್‌ನ ಬೆಳಗಿನ ಸುದ್ದಿಯಲ್ಲಿ, ಅತ್ಯಾಚಾರದ ಆರೋಪದಲ್ಲಿ ಜೈಲು ಸೇರಿದ್ದ ವ್ಯಕ್ತಿಯನ್ನೂ, ಆ ಆರೋಪ ಸುಳ್ಳೆಂದು ತಾನೇ ಒಪ್ಪಿಕೊಂಡಿದ್ದ ಮಹಿಳೆಯನ್ನೂ ಕೂರಿಸಿಕೊಂಡು, ಇಬ್ಬರೂ ಅಪ್ಪಿಕೊಳ್ಳುವಿರಾ ಎಂದು ಕೇಳಿಬಿಟ್ಟರು. ಇಬ್ಬರೂ ಒಪ್ಪಲಿಲ್ಲ. ಟೀಕೆ ಸುರಿಯಿತು, ಕೆಲವೇ ತಿಂಗಳಲ್ಲಿ ಕುರ್ಚಿ ಖಾಲಿಯಾಯಿತು. ಪ್ರಮಾದ ಸಣ್ಣದಲ್ಲ, ಆದರೆ ಸುದ್ದಿಮನೆಯ ತರಬೇತಿಯಿಲ್ಲದವರನ್ನು ಅಲ್ಲಿ ಕೂರಿಸಿದ ಚಾನೆಲ್‌ನ ಪಾಲೂ ಅದರಲ್ಲಿತ್ತು.

ಸುದ್ದಿಯಲ್ಲಿ ಗಟ್ಟಿಯಾಗಿ ನಿಂತವರು ಕೆಳಗಿನಿಂದ ಕಲಿತು ಬಂದವರು. 1963ರಲ್ಲಿ ಹೈಸ್ಕೂಲ್ ಹುಡುಗಿಯರ ‘ಜೂನಿಯರ್ ಮಿಸ್’ ಗೆದ್ದ ಡಯೇನ್ ಸಾಯರ್ ಕೆಂಟಕಿಯ ಲೂಯಿವಿಲ್‌ನ ಸ್ಥಳೀಯ ಚಾನೆಲ್‌ನಲ್ಲಿ ಹವಾಮಾನ ಹೇಳುತ್ತಿದ್ದರು. ಮಳೆ–ಬಿಸಿಲಿನ ನಡುವೆ ಕವಿತೆಯ ಸಾಲು ಸೇರಿಸುವ ಚಾಳಿಯೂ ಇತ್ತು. 1984ರಲ್ಲಿ ‘60 ಮಿನಿಟ್ಸ್’ ಸುದ್ದಿ ಕಾರ್ಯಕ್ರಮದ ಮೊದಲ ಮಹಿಳಾ ವರದಿಗಾರ್ತಿಯಾದರು, 2009ರಲ್ಲಿ ಎಬಿಸಿಯ ಸಂಜೆ ಸುದ್ದಿಯ ಹೊಣೆ ಹೊತ್ತರು. ನ್ಯಾಶ್‌ವಿಲ್‌ನಲ್ಲಿ ‘ಮಿಸ್ ಫೈರ್ ಪ್ರಿವೆನ್ಷನ್’ ಗೆದ್ದ ಓಪ್ರಾ ವಿನ್‌ಫ್ರೇ ಬಹುಮಾನಕ್ಕೆಂದು ಡಬ್ಲ್ಯುವಿಒಎಲ್ ರೇಡಿಯೊಗೆ ಹೋದಾಗ, ಅಲ್ಲಿನವರು ಸುಮ್ಮನೆ ಒಂದು ಸುದ್ದಿ ಓದಿಸಿ ನೋಡಿದರು. ಕೆಲಸ ಸಿಕ್ಕಿತು. ಬಾಲ್ಟಿಮೋರ್ ದಾಟಿ 1984ರಲ್ಲಿ ಷಿಕಾಗೊ ತಲುಪಿದ ಅವರ ಹರಟೆ ಕಾರ್ಯಕ್ರಮ 1986ರಿಂದ 2011ರವರೆಗೆ ದೇಶವಿಡೀ ನಡೆಯಿತು.

1989ರ ಮಿಸ್ ಅಮೆರಿಕ, ಪಿಟೀಲು ವಾದಕಿ ಗ್ರೆಚೆನ್ ಕಾರ್ಲ್ಸನ್ ಕೂಡ ಸ್ಥಳೀಯ ವರದಿಗಾರಿಕೆಯಿಂದಲೇ ಸಿಬಿಎಸ್, ಮುಂದೆ ಫಾಕ್ಸ್ ನ್ಯೂಸ್ ಸೇರಿದರು. 2016ರಲ್ಲಿ ಫಾಕ್ಸ್ ಮುಖ್ಯಸ್ಥ ರೋಜರ್ ಏಲ್ಸ್ ವಿರುದ್ಧ ಲೈಂಗಿಕ ಕಿರುಕುಳದ ದಾವೆ ಹೂಡಿದರು. ಏಲ್ಸ್ ಹುದ್ದೆ ಬಿಟ್ಟರು. 2018ರಲ್ಲಿ ಮಿಸ್ ಅಮೆರಿಕ ಮಂಡಳಿಯ ಅಧ್ಯಕ್ಷೆಯಾಗಿದ್ದಾಗ ಈಜುಡುಗೆ ಸುತ್ತು ರದ್ದಾಯಿತು. ಅಷ್ಟರಲ್ಲಿ ಸ್ಪರ್ಧೆಯ ನೋಡುಗರೇ ಕರಗಿದ್ದರು. 2021ರ ಡಿಸೆಂಬರಿನ ಶತಮಾನೋತ್ಸವ ಸ್ಪರ್ಧೆ ಯಾವ ದೊಡ್ಡ ಚಾನೆಲ್‌ನಲ್ಲೂ ಬರದೆ ‘ಪೀಕಾಕ್’ ಎಂಬ ಸ್ಟ್ರೀಮಿಂಗ್ ತಾಣದಲ್ಲಿ ನಡೆದುಹೋಯಿತು.