ಬಡಾವಣೆಯ ಶಾಲೆ, ನಾಡಿನ ಹೆಸರು

ಬೆಂಗಳೂರಿನ ಬಸವನಗುಡಿಯೆಂದೊಡನೆ ನಿಮ್ಮ ಕಣ್ಣಮುಂದೆ ನಿಲ್ಲುವುದು ದೊಡ್ಡ ಬಸವಣ್ಣ. ಅದರ ಹಿಂದೆಯೇ ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ. ಆ ಬಡಾವಣೆಯ ಚರಿತ್ರೆ ಬಲ್ಲವರು ಇವೆರಡರ ಜೊತೆಗೆ ಒಂದು ಶಾಲೆಯನ್ನೂ ಎಣಿಸುತ್ತಾರೆ. ಅದೇ ನ್ಯಾಷನಲ್ ಹೈಸ್ಕೂಲು.

ಬಸವ ಹಳೆಯವನು, ಬಡಾವಣೆ ಹೊಸದು. ೧೮೯೮ರಲ್ಲಿ ಪ್ಲೇಗು ಬೆಂಗಳೂರಿನ ಪೇಟೆಯನ್ನು ಹೊಕ್ಕಿತು. ಗೋಡೆಗೆ ಗೋಡೆ ತಾಗಿದ ಮನೆಗಳು, ಗಾಳಿ ಬೆಳಕು ಕಾಣದ ಓಣಿಗಳು ಅದಕ್ಕೆ ಅನುಕೂಲವಾದವು. ಜನ ಮನೆಮಠ ತೊರೆದು ಬಯಲಿಗೆ ಹೊರಟರು. ಆ ಸಂಕಟದಿಂದ ಹುಟ್ಟಿದವು ಮಲ್ಲೇಶ್ವರ, ಬಸವನಗುಡಿಗಳು. ನೇರವಾದ ಅಗಲ ಬೀದಿಗಳ ಈ ಹೊಸ ನೆಲೆಗೆ ಸರಕಾರಿ ನೌಕರರು, ವಕೀಲರು, ಉಪಾಧ್ಯಾಯರು ಬಂದು ನೆಲಸಿದರು. ಮನೆಯಾದ ಮೇಲೆ ಮಕ್ಕಳಿಗೆ ಶಾಲೆ ಬೇಕಷ್ಟೆ.

ಶಾಲೆ ಬಂದದ್ದು ೧೯೧೭ರಲ್ಲಿ. ಹೋಂ ರೂಲ್ ಚಳವಳಿಗಾಗಿ ಅನಿ ಬೆಸೆಂಟರು ಬಂಧನಕ್ಕೊಳಗಾಗಿ, ಬಿಡುಗಡೆಯಾಗಿ, ವರ್ಷದ ಕೊನೆಗೆ ಕಲ್ಕತ್ತೆಯ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ವರ್ಷ ಅದು. ಅವರ ಸ್ಫೂರ್ತಿಯಿಂದ ನ್ಯಾಷನಲ್ ಎಜುಕೇಷನ್ ಸೊಸೈಟಿ ರೂಪುಗೊಂಡಿತು. ಶಾಲೆ ಅದರ ಕೂಸು. ಹೆಸರನ್ನು ಸ್ವಲ್ಪ ಗಮನಿಸಿ. ಮೈಸೂರಿನಲ್ಲಿ ಮಹಾರಾಜರ ಆಳ್ವಿಕೆ. ಊರಿನ ಇನ್ನೊಂದು ಮಗ್ಗುಲಲ್ಲಿ ಬ್ರಿಟಿಷರ ದಂಡು. ಸ್ವತಂತ್ರ ರಾಷ್ಟ್ರವೆಂಬುದು ಇನ್ನೂ ಕನಸು. ಇಂಥ ಕಾಲದಲ್ಲಿ ಒಂದು ಬಡಾವಣೆಯ ಶಾಲೆ ತನ್ನನ್ನು 'ರಾಷ್ಟ್ರೀಯ' ಎಂದು ಕರೆದುಕೊಂಡಿತು.

ಹೆಸರಿಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಸುತ್ತಲ ನಾಲ್ಕು ಬೀದಿಗಳ ಅನುಕೂಲಸ್ಥರ ಮಕ್ಕಳಿಗೆ ಪಾಠ ಹೇಳಿ ಪರೀಕ್ಷೆಗೆ ಕಳುಹಿಸಿದ್ದರೆ ಅದೂ ಒಳ್ಳೆಯ ಶಾಲೆಯೇ ಆಗುತ್ತಿತ್ತು. ಆದರೆ ಆ ಹೆಸರಿಗೆ ಅಷ್ಟು ಸಾಲದು. ಬಡಾವಣೆಯ ಆಚೆಯಿಂದ ಬಂದವನಿಗೆ ಅಲ್ಲಿ ಜಾಗವಿತ್ತೆ? ಇದೇ ನಿಜವಾದ ಪ್ರಶ್ನೆ.

೧೯೩೫ರಲ್ಲಿ ಒಬ್ಬ ಹುಡುಗ ಈ ಶಾಲೆ ಸೇರಿದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯವನು. ಬೆಂಗಳೂರಿಗೆ ನಡೆದೇ ಬಂದವನು. ಬಡ ವಿದ್ಯಾರ್ಥಿಗಳ ವಸತಿಗೃಹದಲ್ಲಿದ್ದು ಓದಿದವನು. ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಿಳಿಸಿ ಹೇಳುವ ಕೆಲಸ ಅವನ ಪಾಲಿಗೆ ಬಂತು. ನೆರೆದವರ ಮುಂದೆ ಗಾಂಧೀಜಿಯ ಮಾತಿಗೆ ಕನ್ನಡದ ದನಿಯಾದವನು ಹಳ್ಳಿಯ ಬಡ ಹುಡುಗ! ಶಾಲೆಯ ಹೆಸರಿಗೆ ಅರ್ಥ ಬಂದ ಗಳಿಗೆಗಳಲ್ಲಿ ಇದೊಂದು ಎನ್ನಬಹುದು.

ಆ ಹುಡುಗನೇ ಮುಂದೆ ಡಾ. ಎಚ್. ನರಸಿಂಹಯ್ಯನವರಾದರು. ೧೯೪೨ರಲ್ಲಿ ಸೆಂಟ್ರಲ್ ಕಾಲೇಜಿನ ಓದನ್ನು ಬಿಟ್ಟು ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ೧೯೪೫ರಲ್ಲಿ ಸೊಸೈಟಿ ನ್ಯಾಷನಲ್ ಕಾಲೇಜನ್ನು ತೆರೆಯಿತು; ಮರುವರ್ಷ ಅವರು ಅಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಮುಂದೆ ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಪಡೆದು ಮರಳಿದರು, ಪ್ರಿನ್ಸಿಪಾಲರಾದರು, ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಪಂಚೆ, ಜುಬ್ಬ, ಟೋಪಿ ಎಲ್ಲವೂ ಖಾದಿ. ವಾಸ ವಿದ್ಯಾರ್ಥಿನಿಲಯದ ಒಂದು ಕೋಣೆ. ೧೯೬೨ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ, ವಿಜ್ಞಾನವನ್ನು ಜನಸಾಮಾನ್ಯರ ಬಳಿಗೆ ತಂದಿತು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂಬುದು ಅವರು ವಿದ್ಯಾರ್ಥಿಗಳಿಗೆ ಬಿಡದೆ ಹೇಳಿದ ಮಾತು.

ಈ ಕಥೆಯಲ್ಲಿ ಇನ್ನೊಂದು ಅಂಶವಿದೆ. ಹಳ್ಳಿಯಿಂದ ನಡೆದು ಬಂದವರು ಹಳ್ಳಿಯನ್ನು ಮರೆಯಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿಯೂ ನ್ಯಾಷನಲ್ ಕಾಲೇಜುಗಳು ತಲೆಯೆತ್ತಿದವು. ಓದಿಗಾಗಿ ಒಬ್ಬ ಹುಡುಗ ಸವೆಸಿದ ದಾರಿಯಲ್ಲೇ ವಿದ್ಯೆ ಎದುರು ದಿಕ್ಕಿನಲ್ಲಿ ಹೊರಟಿತು.

ಕ್ರಿಕೆಟ್ ಪ್ರಿಯರು ಈ ಶಾಲೆಯನ್ನು ಅನಿಲ್ ಕುಂಬ್ಳೆ ಓದಿದ ಶಾಲೆಯೆಂದು ನೆನೆಯುತ್ತಾರೆ. ಅದೂ ಹೆಮ್ಮೆಯ ಮಾತೇ. ಆದರೆ ನಿಮ್ಮ ಊರಿನ, ನಿಮ್ಮ ಬಡಾವಣೆಯ ಶಾಲೆಯ ಹಿರಿಮೆಯನ್ನು ಅಳೆಯುವಾಗ ಹೆಸರಾಂತವರ ಪಟ್ಟಿಯೊಂದನ್ನೇ ನೋಡಬೇಡಿ. ಬೇರೆ ಊರಿನಿಂದ ಬರಿಗೈಯಲ್ಲಿ ಬಂದ ಮಗುವಿಗೆ ಅಲ್ಲಿ ಯಾವ ಬೆಂಚಿನಲ್ಲಿ ಜಾಗ ಸಿಕ್ಕಿತೆಂದು ವಿಚಾರಿಸಿ. ಶಾಲೆಯ ಚರಿತ್ರೆಯನ್ನು ಅಲ್ಲಿಂದ ಬರೆಯತೊಡಗಬೇಕು.