ಕೂರೋ ಹಕ್ಕು: ಲಂಡನ್ ಬಸ್ಸಿನಿಂದ ಟಿ. ನಗರದವರೆಗೆ

ದಿನವಿಡೀ ಕೂತು ಬೆನ್ನು ನೋವು ಬಂತು ಅಂತ ನಮ್ಮ ಐಟಿ ಮಂದಿ ಸ್ಟ್ಯಾಂಡಿಂಗ್ ಡೆಸ್ಕ್ ತಗೋತಾರೆ. ಅದೇ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡೋರಿಗೆ ಒಂದು ಸ್ಟೂಲ್ ಸಿಗೋಕೆ ಕಾನೂನೇ ಬರಬೇಕಾಯ್ತು. ಹಾಗಾದ್ರೆ ಮೈಗೆ ಒಳ್ಳೇದು ಯಾವುದು, ಕೂರೋದಾ, ನಿಲ್ಲೋದಾ? ಇತಿಹಾಸದಲ್ಲಿ ಇದಕ್ಕೆ ಉತ್ತರ ಇದೆ.

ಮೊದಲು ಲಂಡನ್ನಿಗೆ ಹೋಗೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದಯಾಘಾತ ದೊಡ್ಡ ಚಿಂತೆಯಾಗಿತ್ತು. ಜೆರ್ರಿ ಮಾರಿಸ್ ಅನ್ನೋ ವೈದ್ಯರ ತಂಡ ಲಂಡನ್ ಸಾರಿಗೆಯ ಸುಮಾರು 31,000 ಗಂಡಸರ ಆರೋಗ್ಯದ ದಾಖಲೆ ಪರಿಶೀಲಿಸಿತು. ಡಬಲ್ ಡೆಕ್ಕರ್ ಬಸ್ಸಲ್ಲಿ ಡ್ರೈವರ್ ಕೂತೇ ಇರ್ತಾನೆ. ಕಂಡಕ್ಟರ್ ಟಿಕೆಟ್ ಕೊಡೋಕೆ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳೀತಾನೆ. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ, ಬಂದರೂ ತಡವಾಗಿ ಬರ್ತಿತ್ತು. ಅಂಚೆ ಇಲಾಖೆಯಲ್ಲೂ ಹಾಗೇ. ನಡೆದು, ಸೈಕಲ್ ತುಳಿದು ಪತ್ರ ಹಂಚೋರು ಕೂತು ಕೆಲಸ ಮಾಡೋ ಗುಮಾಸ್ತರಿಗಿಂತ ಗಟ್ಟಿ ಇದ್ರು.

ದಪ್ಪಗಿರೋರೇ ಡ್ರೈವರ್ ಆಗ್ತಿದ್ರೇನೋ ಅಂತ ನಿಮಗೆ ಅನ್ನಿಸಬಹುದು. ಆ ತಂಡವೂ ಅದನ್ನ ಯೋಚಿಸಿತ್ತು. 1956ರಲ್ಲಿ ಸಮವಸ್ತ್ರದ ಪ್ಯಾಂಟಿನ ಅಳತೆ ತೆಗೆದು ನೋಡಿದ್ರೆ, ಡ್ರೈವರುಗಳ ಸೊಂಟ ಚಿಕ್ಕ ವಯಸ್ಸಿನಲ್ಲೇ ದಪ್ಪ! ಅಂದ್ರೆ ವ್ಯತ್ಯಾಸ ಪೂರ್ತಿ ಕೆಲಸದಿಂದಲೇ ಬಂದದ್ದಲ್ಲ. ಆದ್ರೂ ಮೈ ಆಡಿಸೋದು ಹೃದಯಕ್ಕೆ ಒಳ್ಳೇದು ಅನ್ನೋ ಮಾತು ಮುಂದಿನ ಅಧ್ಯಯನಗಳಲ್ಲೂ ನಿಂತಿತು.

ಆದ್ರೆ ಇದನ್ನ "ನಿಂತರೆ ಆರೋಗ್ಯ" ಅಂತ ಓದಬೇಡಿ. ಕಂಡಕ್ಟರ್ ಬರೀ ನಿಂತಿರಲಿಲ್ಲ, ಓಡಾಡ್ತಿದ್ದ. ಕಾಲಿನ ರಕ್ತ ಮೇಲಕ್ಕೆ ಹೋಗಬೇಕಾದ್ರೆ ಮೀನಖಂಡದ ಸ್ನಾಯು ರಕ್ತನಾಳಗಳನ್ನ ಹಿಂಡಬೇಕು. ನಡೆದಾಗ ಅದು ಪಂಪಿನ ಹಾಗೆ ಕೆಲಸ ಮಾಡುತ್ತೆ. ಒಂದೇ ಕಡೆ ನಿಂತರೆ ಪಂಪ್ ಸುಮ್ಮನಾಗಿ, ರಕ್ತ ಕೆಳಗೇ ಉಳಿದು, ಕಾಲು ಬಾತು, ಸಿರೆಗಳು ಉಬ್ಬಿಕೊಳ್ಳುತ್ತವೆ. ವೆರಿಕೋಸ್ ವೇನ್ಸ್ ಅಂತೀವಲ್ಲ, ಅದೇ. ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲೇ ಕಸುಬುದಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದು, ನಿಂತು ದುಡಿಯೋರ ಈ ತೊಂದರೆ ಗುರುತಿಸಿದ್ದರು. ಆಗಾಗ ಕೂತು ಇಲ್ಲವೇ ನಡೆದು ಭಂಗಿ ಬದಲಿಸಿ ಅನ್ನೋದೇ ಅವರ ಸಲಹೆ.

ಸಲಹೆ ಸರಿ, ಕೂರೋಕೆ ಮಾಲೀಕ ಬಿಡಬೇಕಲ್ಲ? ಬ್ರಿಟನ್ 1899ರಲ್ಲಿ ಕಾನೂನು ಮಾಡಿತು: ಅಂಗಡಿಯಲ್ಲಿ ಮೂವರು ಕೆಲಸದ ಹೆಣ್ಣುಮಕ್ಕಳಿಗೆ ಕನಿಷ್ಠ ಒಂದು ಆಸನ. ನಮ್ಮಲ್ಲಿ ಈ ಹೋರಾಟ ಜೋರಾಗಿದ್ದು ಕೋಳಿಕ್ಕೋಡಿನಲ್ಲಿ. ಅಲ್ಲಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಹೆಣ್ಣುಮಕ್ಕಳಿಗೆ ಕೂರೋಕೂ ಇಲ್ಲ, ಶೌಚಾಲಯವೂ ಇಲ್ಲ. ಅದಕ್ಕೇ ನೀರು ಕುಡಿಯೋದನ್ನೇ ಕಡಿಮೆ ಮಾಡಿ ಮೂತ್ರದ ಸೋಂಕು ತರಿಸಿಕೊಳ್ತಿದ್ರು. ಟೈಲರ್ ಆಗಿದ್ದ ವಿಜಿ ಅವರು 'ಪೆಣ್‌ಕೂಟ್ಟು' ಅನ್ನೋ ಸಂಘಟನೆ ಕಟ್ಟಿ ವರ್ಷಗಟ್ಟಲೆ ಹೋರಾಡಿದ್ರು. 2018ರಲ್ಲಿ ಕೇರಳ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು: ಅಂಗಡಿ, ಸಂಸ್ಥೆಗಳಲ್ಲಿ ಎಲ್ಲ ನೌಕರರಿಗೂ ಆಸನ ಇರಬೇಕು, ಕೆಲಸದ ನಡುವೆ ಬಿಡುವು ಸಿಕ್ಕಾಗ ಅವರು ಕೂರಬಹುದು.

ಹಾಗಾಗಿ ಕೂರೋದಾ, ನಿಲ್ಲೋದಾ ಅನ್ನೋದಕ್ಕಿಂತ, ಬೇಕಾದಾಗ ಬದಲಿಸೋ ಸ್ವಾತಂತ್ರ್ಯ ಇದೆಯಾ ಅನ್ನೋದು ಮುಖ್ಯ. ನಮಗೆ ಅದಿದೆ. ಸ್ಟ್ಯಾಂಡಿಂಗ್ ಡೆಸ್ಕ್ ಇದ್ರೂ ಮರದ ಹಾಗೆ ನಿಲ್ಲಬೇಡಿ, ಕಾಲ್ ಬಂದಾಗ ನಡೀತಾ ಮಾತಾಡಿ. ಚೆನ್ನೈಯಲ್ಲಿರೋರು ಮುಂದಿನ ಸಲ ಟಿ. ನಗರಕ್ಕೆ ಸೀರೆ ತಗೊಳ್ಳೋಕೆ ಹೋದಾಗ, ಕೌಂಟರ್ ಹಿಂದೆ ಸ್ಟೂಲ್ ಇದೆಯಾ ನೋಡಿ. ಅದರ ಮೇಲೆ ಯಾರಾದ್ರೂ ಕೂತಿದ್ರೆ, ಗಿರಾಕಿ ಬಂದ್ರೂ ಏಳಲಿಲ್ಲ ಅಂತ ಮುಖ ಗಂಟು ಹಾಕ್ಕೋಬೇಡಿ. ಒಂದು ನಿಮಿಷ ಕಾದ್ರೆ ನಮ್ಮದೇನೂ ಹೋಗಲ್ಲ.

ನಿಮ್ಮ ಊರಲ್ಲಿ ಹೇಗಿದೆ ಅಂತ ಕಾಮೆಂಟ್‌ನಲ್ಲಿ ತಿಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.