ಹವಳದ ಅಕ್ವೇರಿಯಂಗೆ ಎಲ್‌ಇಡಿ ಬೆಳಕು: ಆಯ್ಕೆ ಮತ್ತು ಹೊಂದಾಣಿಕೆ

(ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಹವಳವು ಸಸ್ಯವಲ್ಲ, ಪ್ರಾಣಿ. ಆದರೆ ದಿಬ್ಬ ಕಟ್ಟುವ ಹವಳಗಳ ಅಂಗಾಂಶದೊಳಗೆ ಏಕಕೋಶ ಪಾಚಿಗಳು ವಾಸಿಸುತ್ತವೆ. ಇವು ದ್ಯುತಿಸಂಶ್ಲೇಷಣೆಯಿಂದ ತಯಾರಿಸುವ ಆಹಾರದ ಬಹುಪಾಲು ಹವಳಕ್ಕೆ ಸಲ್ಲುತ್ತದೆ. ಆದ್ದರಿಂದ ಇಲ್ಲಿ ಬೆಳಕು ಅಲಂಕಾರವಲ್ಲ, ಆಹಾರದ ಮೂಲ. ಬೆಳಕು ಕಡಿಮೆಯಾದಲ್ಲಿ ಹವಳವು ನಿಧಾನವಾಗಿ ಸೊರಗುತ್ತದೆ, ಸರಿಪಡಿಸಲು ಕಾಲಾವಕಾಶವಿರುತ್ತದೆ. ಬೆಳಕು ಹಠಾತ್ತನೆ ಹೆಚ್ಚಾದಲ್ಲಿ ಕೆಲವೇ ದಿನಗಳಲ್ಲಿ ಬಿಳಿಚಿ ಸಾಯಬಹುದು. ಕಡಿಮೆ ಬೆಳಕಿನಿಂದ ಆರಂಭಿಸುವುದೇ ಮೂಲ ನಿಯಮ.

1. ಕಾನೂನಿನ ಅಂಶಗಳು

ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನುಸೂಚಿ 1ಕ್ಕೆ ಸೇರಿಸಲಾಗಿದೆ. ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತಲಾಗಲಿ, ದೇಶದ ಇತರ ಸಮುದ್ರ ಪ್ರದೇಶದಲ್ಲಾಗಲಿ ಅವುಗಳನ್ನು ಕೀಳುವುದು, ಮಾರುವುದು ಅಪರಾಧ. ಈ ಅಪರಾಧಕ್ಕೆ 3ರಿಂದ 7 ವರ್ಷಗಳ ಕಾರಾಗೃಹ ವಾಸ ಹಾಗೂ ದಂಡವಿದೆ. ಈ ಮಾಹಿತಿಯು ಅನುಮತಿ ಪಡೆದ ಸಂಸ್ಥೆಗಳಿಗೆ ಹಾಗೂ ಕಾನೂನುಬದ್ಧ ದಾಖಲೆಗಳೊಡನೆ ಮೆದುಹವಳ ಸಾಕುವವರಿಗೆ ಮಾತ್ರ ಅನ್ವಯಿಸುತ್ತದೆ.

2. ದೀಪದ ಆಯ್ಕೆ

ಅ) ಸಮುದ್ರದಲ್ಲಿ ಕೆಂಪು ಬೆಳಕು ಕೆಲವೇ ಮೀಟರುಗಳಲ್ಲಿ ಕ್ಷೀಣಿಸುತ್ತದೆ, ನೀಲಿ ಬೆಳಕು ಆಳಕ್ಕೆ ಇಳಿಯುತ್ತದೆ. ಆದ್ದರಿಂದ 420–480 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಪ್ರಧಾನವಾಗಿರುವ ದೀಪವನ್ನು ಆಯ್ದುಕೊಳ್ಳಬೇಕು.
ಆ) ವ್ಯಾಟ್ ಮತ್ತು ಲ್ಯೂಮೆನ್ ಅಂಕಿಗಳನ್ನಷ್ಟೇ ನಂಬಬಾರದು. ವ್ಯಾಟ್ ವಿದ್ಯುತ್ ಬಳಕೆಯನ್ನು ತಿಳಿಸುತ್ತದೆ. ಲ್ಯೂಮೆನ್ ಮನುಷ್ಯನ ಕಣ್ಣಿಗೆ ತೋರುವ ಪ್ರಕಾಶದ ಅಳತೆ. ಹವಳಕ್ಕೆ ಬೇಕಾದ ಬೆಳಕನ್ನು ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಮೈಕ್ರೋಮೋಲ್‌ಗಳಲ್ಲಿ ಪಿಎಆರ್ ಮಾಪಕದಿಂದ ಅಳೆಯಲಾಗುತ್ತದೆ. ಮೆದುಹವಳಗಳಿಗೆ ಸುಮಾರು 50–150, ಕವಲೊಡೆಯುವ ಸಣ್ಣ ಕಲ್ಲುಹವಳಗಳಿಗೆ 200–350 ಸಾಕಾಗುತ್ತದೆ.
ಇ) ನೀಲಿ ಮತ್ತು ಬಿಳಿ ಬೆಳಕನ್ನು ಪ್ರತ್ಯೇಕವಾಗಿ ಏರಿಳಿಸುವ ಸೌಲಭ್ಯವಿರಬೇಕು.

3. ಹೊಂದಾಣಿಕೆಯ ಕ್ರಮ

ಹೊಸ ದೀಪವನ್ನು ನೀರಿನ ಮಟ್ಟದಿಂದ 20–30 ಸೆಂ.ಮೀ. ಎತ್ತರದಲ್ಲಿ ಅಳವಡಿಸಿ, ಪೂರ್ಣ ಸಾಮರ್ಥ್ಯದ ಶೇ. 30ರಷ್ಟರಲ್ಲಿ ಆರಂಭಿಸಬೇಕು. ನಂತರ ವಾರಕ್ಕೆ ಶೇ. 5ರಷ್ಟು ಹೆಚ್ಚಿಸುತ್ತಾ, ಅಗತ್ಯ ಪ್ರಮಾಣ ತಲುಪಿದೊಡನೆ ನಿಲ್ಲಿಸಬೇಕು. ದಿನಕ್ಕೆ 8–10 ಗಂಟೆಗಳ ಬೆಳಕು ಸಾಕು. ಹೊಸ ಹವಳವನ್ನು ಮೊದಲು ತಳದಲ್ಲಿರಿಸಿ ಕ್ರಮೇಣ ಮೇಲಕ್ಕೆ ತರಬೇಕು. ಬಣ್ಣ ಕಂದುಗಟ್ಟಿದರೆ ಬೆಳಕಿನ ಕೊರತೆಯನ್ನು, ಮಾಸಿ ಬಿಳಿಚಿದರೆ ಬೆಳಕಿನ ಅಥವಾ ಉಷ್ಣತೆಯ ಅತಿಯನ್ನು ಶಂಕಿಸಬೇಕು. ಬಿಳಿಚಿದಲ್ಲಿ ಕೂಡಲೇ ಬೆಳಕನ್ನು ತಗ್ಗಿಸಿ ಉಷ್ಣತೆಯನ್ನು ಪರೀಕ್ಷಿಸಬೇಕು.

4. ಬೇಸಿಗೆಯಲ್ಲಿ

ನೀರಿನ ಉಷ್ಣತೆ 24–27 ಡಿಗ್ರಿ ಸೆಲ್ಸಿಯಸ್ ಇರಬೇಕು. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಸಮುದ್ರದ ಉಷ್ಣತೆ ಏರಿ ಹವಳಗಳು ಬಿಳಿಚಿಕೊಂಡವು. ಬಿಸಿಯಾದ ನೀರಿನಲ್ಲಿ ಬಲವಾದ ಬೆಳಕು ಹೆಚ್ಚು ಹಾನಿಕರ. ಆದ್ದರಿಂದ ಮಾರ್ಚ್‌ನಿಂದ ಮೇವರೆಗೆ ಫ್ಯಾನ್ ಅಥವಾ ಚಿಲ್ಲರ್‌ನಿಂದ ನೀರನ್ನು ತಂಪಾಗಿರಿಸಬೇಕು. ಅದು ಸಾಧ್ಯವಾಗದ ದಿನ ಬೆಳಕನ್ನು ತಗ್ಗಿಸಬೇಕು.

5. ಮಳೆಗಾಲದಲ್ಲಿ

ಉಪ್ಪಿನಂಗಡಿಯಲ್ಲಿ ಕೂಡುವ ಕುಮಾರಧಾರಾ ಮತ್ತು ನೇತ್ರಾವತಿಯ ಕೆಂಪು ನೀರು ಮಂಗಳೂರಿನಲ್ಲಿ ಸಮುದ್ರ ಸೇರುವುದರಿಂದ ತೀರದ ನೀರಿನ ಲವಣಾಂಶ ಇಳಿದು ನೀರು ಕದಡುತ್ತದೆ. ಕದಡಿದ ನೀರು ಬೆಳಕನ್ನು ತಡೆಯುತ್ತದೆ. ಈ ಅವಧಿಯಲ್ಲಿ ತೀರದ ನೀರನ್ನು ತರದೆ, ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪನ್ನು ಬೆರೆಸಿ ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಕಾಯ್ದುಕೊಳ್ಳುವುದು ಸೂಕ್ತ.

ಮರ ಬಿದ್ದು ವಿದ್ಯುತ್ ಕಡಿತವಾದಾಗ ಬ್ಯಾಟರಿಯನ್ನು ದೀಪಕ್ಕಲ್ಲ, ನೀರು ಚಲಿಸುವ ಪಂಪಿಗೆ ಮೀಸಲಿಡಬೇಕು. ಒಂದು ದಿನದ ಕತ್ತಲೆಯನ್ನು ಹವಳ ಸಹಿಸುತ್ತದೆ. ಆಮ್ಲಜನಕದ ಕೊರತೆಯಿಂದ ಕೆಲವೇ ಗಂಟೆಗಳಲ್ಲಿ ತೊಟ್ಟಿಯ ಜೀವಿಗಳು ಸಾಯಬಹುದು.

6. ಸುರಕ್ಷತೆ

ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಸುತ್ತದೆ. ಅರ್ಥಿಂಗ್ ಮತ್ತು ಸೋರಿಕೆ ರಕ್ಷಕ ಸ್ವಿಚ್ ಕಡ್ಡಾಯವಾಗಿ ಇರಬೇಕು. ತಂತಿಯು ಪ್ಲಗ್‌ಗಿಂತ ಕೆಳಗೆ ಬಾಗಿರಬೇಕು. ಕೈ ನೀರಿಗಿಳಿಸುವ ಮುನ್ನ ವಿದ್ಯುತ್ ಸಂಪರ್ಕ ಕಡಿತಗೊಳಿಸಬೇಕು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಮೀನುಗಾರಿಕೆ ಇಲಾಖಾ ಕಚೇರಿಯನ್ನು ಸಂಪರ್ಕಿಸಬಹುದು.